ರಬ್ಬರ್ ಸುಂಕದ ಆ 30 ರೂಪಾಯಿ ಮಿತಿ ತೆಗೆಯಲಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಧಾರಣೆ ಕಾಲಂನಲ್ಲಿ ಅಡಿಕೆ, ಕಾಳುಮೆಣಸು, ಕೊಕ್ಕೊ ಎಲ್ಲ ಆದ ಮೇಲೆ ರಬ್ಬರ್ ಬರುತ್ತದೆ. ಹೊಗೆ ಕೊಟ್ಟು ಒಣಗಿಸಿದ ಶೀಟಿನ ಗ್ರೇಡ್‌ಗಳಾದ ಆರ್‌ಎಸ್‌ಎಸ್4, ಆರ್‌ಎಸ್‌ಎಸ್5, ಅದಕ್ಕಿಂತ ಕೆಳದರ್ಜೆಯ ಲಾಟ್, ಸ್ಕ್ರಾಪ್. ಸುಳ್ಯ ಕಡೆಯ ನಮ್ಮಂಥ ಮನೆಗಳಲ್ಲಿ ಪೇಪರ್ ಬಂದ ಕೂಡಲೇ ತೆರೆಯುವ ಪುಟ ಅದು. ಆದರೆ ಆ ದರ ಯಾಕೆ ಏರಿತು, ಯಾಕೆ ಇಳಿಯಿತು ಅಂತ ಅಲ್ಲಿ ಗೊತ್ತಾಗುವುದಿಲ್ಲ. ನಮ್ಮ ಶೀಟಿನ ದರಕ್ಕೂ ಹೊರದೇಶದಿಂದ ಬರುವ ರಬ್ಬರಿನ ದರಕ್ಕೂ ಮಧ್ಯೆ ಒಂದು ಸುಂಕದ ನಿಯಮ ಇದೆ. ಬಜೆಟ್ ಹತ್ತಿರ ಬರುತ್ತಿದೆ. ಅದಕ್ಕೇ ಆ ನಿಯಮದ ಬಗ್ಗೆ ಬರೆಯುತ್ತಿದ್ದೇನೆ.

ಒಣ ರಬ್ಬರ್ (ಮರದ ಹಾಲನ್ನು ಗಟ್ಟಿ ಮಾಡಿ ಒಣಗಿಸಿದ್ದು) ಆಮದಿಗೆ ಸುಂಕ ಶೇ 25. ಕೇಳುವಾಗ ಜಾಸ್ತಿಯೇ ಅನ್ನಿಸುತ್ತದೆ. ಆದರೆ ಅದರ ಹಿಂದೆಯೇ ಇನ್ನೊಂದು ಮಾತಿದೆ: ಶೇ 25 ಅಥವಾ ಕಿಲೋಗೆ 30 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಪೆನ್ನು ಹಿಡಿದು ಲೆಕ್ಕ ಹಾಕಿ ನೋಡಿ. ಆಮದು ಬೆಲೆ ಕಿಲೋಗೆ 120 ರೂಪಾಯಿ ಇದ್ದರೆ ಶೇ 25 ಅಂದರೆ ಸರಿಯಾಗಿ 30. ಬೆಲೆ 160 ಆದರೆ 40 ಬರಬೇಕಿತ್ತು, ಬರುವುದು 30. ಬೆಲೆ 200 ಆದರೆ 50 ಬರಬೇಕಿತ್ತು, ಆಗಲೂ 30. ಅಂದರೆ ಸುಂಕ ಶೇ 15ಕ್ಕೆ ಇಳಿಯಿತು. 240 ಆದರೆ ಶೇ 12.5.

ಈ 30 ರೂಪಾಯಿ ಬಂದದ್ದು 2013ರ ಡಿಸೆಂಬರಿನಲ್ಲಿ. ಆಗ ಸುಂಕ ಶೇ 20 ಇತ್ತು. 2015ರಲ್ಲಿ ಅದನ್ನು ಶೇ 25ಕ್ಕೆ ಏರಿಸಿದರು, 30 ಮಾತ್ರ ಹಾಗೇ ಉಳಿಯಿತು. 150 ರೂಪಾಯಿಯ ಶೇ 20 ಕೂಡ 30ಯೇ ಅಲ್ವಾ? ಹಾಗಾದರೆ ಆಮದು ಬೆಲೆ 150 ದಾಟಿದಾಗೆಲ್ಲ 2015ರ ಏರಿಕೆಯಿಂದ ನಮಗೆ ಒಂದು ಪೈಸೆಯ ರಕ್ಷಣೆಯೂ ಹೆಚ್ಚಾಗಲಿಲ್ಲ. ಅಂದಿನಿಂದ ಆ್ಯಸಿಡ್, ಗೊಬ್ಬರ, ಮಳೆಯಲ್ಲೂ ಹಾಲು ತೆಗೆಯಲು ಮರಕ್ಕೆ ಕಟ್ಟುವ ರೈನ್ ಗಾರ್ಡ್ ಪ್ಲಾಸ್ಟಿಕ್, ಮಳೆಗಾಲದ ಎಲೆ ಉದುರುವ ರೋಗಕ್ಕೆ ಹೊಡೆಯುವ ಔಷಧಿ, ಟ್ಯಾಪಿಂಗ್ (ಮರ ಕೆತ್ತಿ ಹಾಲು ತೆಗೆಯುವ) ಕೂಲಿ ಎಲ್ಲವೂ ಏರಿವೆ. ಆ 30 ಮಾತ್ರ ಅಲ್ಲೇ ನಿಂತಿದೆ.

ಆಮದೇ ಬೇಡ ಅಂತ ನಾನು ಹೇಳುತ್ತಿಲ್ಲ. ದೇಶಕ್ಕೆ ವರ್ಷಕ್ಕೆ ಸುಮಾರು 14 ಲಕ್ಷ ಟನ್ ನೈಸರ್ಗಿಕ ರಬ್ಬರ್ ಬೇಕು. ನಾವೆಲ್ಲ ಸೇರಿ ಬೆಳೆಯುವುದು ಎಂಟೂವರೆ ಲಕ್ಷ ಟನ್ ಆಸುಪಾಸು. ಉಳಿದದ್ದು ಥಾಯ್ಲೆಂಡ್, ಇಂಡೊನೇಷ್ಯಾ, ವಿಯೆಟ್ನಾಂ, ಐವರಿ ಕೋಸ್ಟ್ ಹೀಗೆ ಹೊರಗಿನಿಂದ ಬರಲೇಬೇಕು. ಟೈರ್ ಮಾಡಿ ಹೊರದೇಶಕ್ಕೆ ಕಳಿಸುವ ಕಂಪನಿಗಳು ಅದಕ್ಕೆ ಬೇಕಾದ ರಬ್ಬರನ್ನು ಸುಂಕವಿಲ್ಲದೆ ತರಿಸಿಕೊಳ್ಳಬಹುದು. ಅದಕ್ಕೂ ನನ್ನ ತಕರಾರಿಲ್ಲ, ಟೈರ್ ರಫ್ತಾದರೆ ದೇಶಕ್ಕೇ ಒಳ್ಳೆಯದು. ನಾನು ಕೇಳುತ್ತಿರುವುದು ಇಲ್ಲೇ ಮಾರುವ ಟೈರಿಗೆ, ಚಪ್ಪಲಿಗೆ, ಟ್ಯೂಬಿಗೆ ಅಂತ ಬರುವ ರಬ್ಬರಿನ ಬಗ್ಗೆ. ಕೊಳ್ಳುವವರು ಹೊರಗಿನ ಬೆಲೆಗೆ ಸಾಗಾಟವನ್ನೂ ಸುಂಕವನ್ನೂ ಕೂಡಿಸಿ ನೋಡುತ್ತಾರೆ. ಅದಕ್ಕಿಂತ ಜಾಸ್ತಿ ನಮಗೆ ಯಾರು ಕೊಡುತ್ತಾರೆ? ಹಾಗಾಗಿ ಸುಂಕ ಎಷ್ಟು ಅನ್ನುವುದು ನಮ್ಮ ಚೀಲದ ಬೆಲೆಯ ಪ್ರಶ್ನೆಯೇ.

ಹೊರಗಿನ ಬೆಲೆ ಏರಿದರೆ ನಮಗೆ ಲಾಭವಿಲ್ಲ, ಆಮದು ಬಂದರೆ ನಷ್ಟ ಅನ್ನುವುದು 2024ರಲ್ಲಿ ಕಣ್ಣೆದುರೇ ಕಂಡಿತು. ಆ ವರ್ಷ ಮಾರ್ಚಿನಲ್ಲಿ ಹೊರದೇಶದ ಮಾರುಕಟ್ಟೆಯಾದ ಬ್ಯಾಂಕಾಕ್‌ನ ದರ ನಮ್ಮ ದೇಶದ ರಬ್ಬರ್ ಮಾರುಕಟ್ಟೆಯಾದ ಕೇರಳದ ಕೊಟ್ಟಾಯಂ ದರಕ್ಕಿಂತ ಎಷ್ಟೋ ಮೇಲೆ ಹೋಗಿತ್ತು. ಶೀಟ್ ರಫ್ತು ಮಾಡುವವರಿಗೆ ಕಿಲೋಗೆ 5 ರೂಪಾಯಿ ಪ್ರೋತ್ಸಾಹಧನ ಕೊಡುತ್ತೇವೆ ಅಂತ ಕೇಂದ್ರ ಸರ್ಕಾರದ ರಬ್ಬರ್ ಬೋರ್ಡ್ ಘೋಷಿಸಿತು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಲಕ್ಷಗಟ್ಟಲೆ ಟನ್ ಆಮದು ಮಾಡುವ ದೇಶದಲ್ಲಿ ರಫ್ತು ಕೆಲವೇ ಸಾವಿರ ಟನ್. ನಮ್ಮ ಊರಿನ ಡೀಲರಿಗೆ ರಫ್ತುದಾರ ಯಾರೆಂದೇ ಗೊತ್ತಿಲ್ಲ. ಹೊರಗೆ ಬೆಲೆ ಏರಿದಾಗ ನಾವು ಸುಮ್ನೆ ನೋಡುತ್ತಾ ಕುಳಿತೆವು. ಆಮೇಲೆ ಮಳೆಯಿಂದ ಟ್ಯಾಪಿಂಗ್ ನಿಂತು ಇಲ್ಲಿ ಮಾಲಿಲ್ಲದೆ, ಆಗಸ್ಟಿನಲ್ಲಿ ಆರ್‌ಎಸ್‌ಎಸ್4 ಕಿಲೋಗೆ 247 ರೂಪಾಯಿ ಮುಟ್ಟಿತು. 2011ರ ದಾಖಲೆ ಮುರಿಯಿತು ಅಂತ ಎಲ್ಲ ಪತ್ರಿಕೆಗಳೂ ಬರೆದವು. ಆದರೆ ಆ ದಿನಗಳಲ್ಲಿ ಮಾರಲು ನಮ್ಮ ಹತ್ತಿರ ಶೀಟ್ ಎಲ್ಲಿತ್ತು? ಮಳೆ ಬಿಟ್ಟು ಮರ ಚೆನ್ನಾಗಿ ಹಾಲು ಕೊಡಲು ಶುರುವಾಗುವ ಹೊತ್ತಿಗೆ ಆಮದು ಮಾಲು ಬಂದು, ದೀಪಾವಳಿಗೆ ದರ 200ರ ಕೆಳಗೆ ಬಿದ್ದಿತ್ತು.

ಶೀಟ್ ಎಂದರೆ ಏನು ಅಂತ ತೋಟ ನೋಡದವರಿಗೂ ಒಂದಿಷ್ಟು ಹೇಳಬೇಕು. ನಮ್ಮಲ್ಲಿ ಟ್ಯಾಪಿಂಗ್ ಮಾಡುವ ಅಣ್ಣ ಬೆಳಕು ಹರಿಯುವ ಮೊದಲೇ ತಲೆಗೆ ಲೈಟ್ ಕಟ್ಟಿಕೊಂಡು ತೋಟಕ್ಕೆ ಇಳಿಯುತ್ತಾರೆ. ಅವರ ತಂದೆ-ತಾಯಿ ಭಾರತ-ಸಿಲೋನ್ ನಡುವಿನ ಶಾಸ್ತ್ರಿ-ಸಿರಿಮಾವೊ ಒಪ್ಪಂದದ ಮೇಲೆ ಸಿಲೋನಿನಿಂದ (ಈಗಿನ ಶ್ರೀಲಂಕಾ) ಬಂದು, ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟದಲ್ಲಿ ದುಡಿದವರು. ಕತ್ತಿ ಒಂದು ಕೂದಲೆಳೆ ಆಳಕ್ಕೆ ಹೋದರೂ ಮರಕ್ಕೆ ಗಾಯ, ಆ ಭಾಗದಲ್ಲಿ ತೊಗಟೆ ಸರಿಯಾಗಿ ಕೂಡುವುದಿಲ್ಲ. ಅವರು ತಂದ ಹಾಲನ್ನು ಸೋಸಿ, ನೀರು ಬೆರೆಸಿ, ಆ್ಯಸಿಡ್ ಹಾಕಿ ಟ್ರೇಗೆ ಹೊಯ್ಯುವುದು ನನ್ನ ಕೆಲಸ. ಮೇಲೆ ಬಂದ ನೊರೆಯನ್ನು ಪೂರ್ತಿ ತೆಗೆಯಬೇಕು. ತೆಗೆಯದಿದ್ದರೆ ಒಣಗಿದ ಮೇಲೆ ಶೀಟಿನಲ್ಲಿ ಗುಳ್ಳೆ. ಗಟ್ಟಿಯಾದದ್ದನ್ನು ಮೆಷಿನ್‌ಗೆ ಕೊಟ್ಟು, ಗೆರೆ ಬರಿಸಿ, ನೀರು ಇಳಿಸಿ, ಹೊಗೆ ಕೊಡುತ್ತೇವೆ. ಡೀಲರ್ ಒಂದೊಂದು ಶೀಟನ್ನೂ ಬೆಳಕಿಗೆ ಹಿಡಿದು ನೋಡುತ್ತಾರೆ. ಒಂದು ಕಪ್ಪು ಚುಕ್ಕೆ, ನಾಲ್ಕು ಗುಳ್ಳೆ ಕಂಡರೂ ಗ್ರೇಡ್ ಇಳಿಯಿತು, ಲಾಟ್‌ಗೆ ಹೋಯಿತು. ಹೊರಗಿನಿಂದ ಬರುವುದರಲ್ಲಿ ಜಾಸ್ತಿ ಇರುವುದು ಬ್ಲಾಕ್ ರಬ್ಬರ್, ಅಂದರೆ ಕಾರ್ಖಾನೆಯಲ್ಲಿ ಒತ್ತಿ ಗಟ್ಟಿ ಮಾಡಿದ ಇಟ್ಟಿಗೆಯಂಥ ರಬ್ಬರ್. ಆದರೆ ನಾವು ಇಷ್ಟು ಕಷ್ಟಪಟ್ಟು ಮಾಡಿದ ಶೀಟಿನ ದರವನ್ನೂ ಕೊನೆಗೆ ಕೆಳಗೆ ಎಳೆಯುವುದು ಅದೇ.

ಅಡಿಕೆ ವಿಷಯದಲ್ಲಿ ಸರ್ಕಾರ ಬೆಳೆಗಾರರ ಮಾತು ಕೇಳಿದೆ. ಕಿಲೋಗೆ 351 ರೂಪಾಯಿಗಿಂತ ಕಡಿಮೆ ಬೆಲೆಯ ಅಡಿಕೆ ಒಳಗೆ ಬರಬಾರದು ಅಂತ 2023ರಲ್ಲಿ ಕನಿಷ್ಠ ಆಮದು ಬೆಲೆ ಗೊತ್ತು ಮಾಡಿತು. ರಬ್ಬರಿಗೆ ಅಂಥ ತಡೆ ಇಲ್ಲ. ಡಬ್ಲ್ಯುಟಿಒ (ವಿಶ್ವ ವ್ಯಾಪಾರ ಸಂಸ್ಥೆ) ಲೆಕ್ಕದಲ್ಲಿ ರಬ್ಬರ್ ಕೃಷಿ ಉತ್ಪನ್ನವೇ ಅಲ್ಲವಂತೆ, ಕೈಗಾರಿಕಾ ಕಚ್ಚಾವಸ್ತುವಂತೆ. ಏಳು ವರ್ಷ ಗಿಡ ಸಾಕಿ ಆಮೇಲೆ ಕತ್ತಿ ಹಾಕುವ ನಮಗೆ ಇದು ಬಹಳ ಬೇಸರದ ಮಾತು. ಹಳದಿ ಎಲೆ ರೋಗ ಬಂದು ಅಡಿಕೆ ತೋಟ ಕಳಕೊಂಡ ಸುಳ್ಯದ ಎಷ್ಟೋ ಮನೆಗಳು ಈಗ ನಿಂತಿರುವುದೇ ರಬ್ಬರಿನ ಮೇಲೆ.

ಡಬ್ಲ್ಯುಟಿಒ ಒಪ್ಪಂದದಿಂದಾಗಿ ಕೈ ಕಟ್ಟಿದೆ ಅನ್ನುವ ಮಾತು ಯಾವಾಗಲೂ ಬರುತ್ತದೆ. ಆದರೆ ಆ ಒಪ್ಪಂದದಲ್ಲಿ ಒಣ ರಬ್ಬರಿಗೆ ಭಾರತ ಹಾಕಬಹುದಾದ ಗರಿಷ್ಠ ಸುಂಕ ಶೇ 25. ನಾನು ಕೇಳುವುದೂ ಅಷ್ಟನ್ನೇ, ಪೂರ್ತಿ ಶೇ 25. 30 ರೂಪಾಯಿಯ ಮಿತಿಯನ್ನು ನಾವೇ ಹಾಕಿಕೊಂಡದ್ದು, ನಾವೇ ತೆಗೆಯಬಹುದು. 2023ರ ಬಜೆಟ್‌ನಲ್ಲಿ ಕಾಂಪೌಂಡ್ ರಬ್ಬರಿನ (ಬೇರೆ ವಸ್ತುಗಳನ್ನು ಬೆರೆಸಿದ ರಬ್ಬರ್) ಸುಂಕವನ್ನು ಶೇ 10ರಿಂದ 25ಕ್ಕೆ ಏರಿಸಿದ್ದು ಒಳ್ಳೆಯ ಕೆಲಸ. ಆದರೆ ಅಲ್ಲೂ ಅದೇ 30ರ ಬಾಲ ಸೇರಿಸಿದರು. ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದವರು. ನಮ್ಮ ಜಿಲ್ಲೆಯ ಜನಪ್ರತಿನಿಧಿಗಳು ಈ ಒಂದು ಸಾಲಿನ ತಿದ್ದುಪಡಿ ಹಿಡಿದುಕೊಂಡು ಅವರ ಬಳಿ ಹೋಗಬೇಕು.

ರಾಜ್ಯ ಸರ್ಕಾರಕ್ಕೂ ಒಂದು ಮಾತು. ಕೇರಳ 2015ರಿಂದ ಬೆಲೆ ಸ್ಥಿರತೆಯ ಯೋಜನೆ ನಡೆಸುತ್ತಿದೆ. ಮೊದಲು 150 ರೂಪಾಯಿ ಇದ್ದ ಆಧಾರ ಬೆಲೆಯನ್ನು ಏರಿಸುತ್ತಲೂ ಬಂದಿದೆ. ದರ ಅದಕ್ಕಿಂತ ಕೆಳಗೆ ಹೋದರೆ ಕಾಸರಗೋಡಿನ ಸಣ್ಣ ಬೆಳೆಗಾರನಿಗೆ ವ್ಯತ್ಯಾಸದ ಹಣ ಸರ್ಕಾರದಿಂದ ಬರುತ್ತದೆ. ಗಡಿಯ ಈಚೆ ಅದೇ ಮಳೆ, ಅದೇ ಮರ ಇಟ್ಟುಕೊಂಡಿರುವ ನಮಗೆ ಅದಿಲ್ಲ.

ಕೊನೆಗೆ ನಿಮ್ಮಲ್ಲೇ ಒಂದು ವಿನಂತಿ. ಧಾರಣೆ ಕಾಲಂನಲ್ಲಿ ನಮ್ಮ ದರದ ಕೆಳಗೆ ಬ್ಯಾಂಕಾಕ್‌ನ ಆರ್‌ಎಸ್‌ಎಸ್3 ದರವನ್ನೂ ಕ್ವಾಲಾಲಂಪುರದ ಬ್ಲಾಕ್ ರಬ್ಬರ್ ದರವನ್ನೂ ಕೊಡಿ. ರಬ್ಬರ್ ಬೋರ್ಡ್ ವೆಬ್‌ಸೈಟಿನಲ್ಲಿ ಎರಡೂ ರೂಪಾಯಿ ಲೆಕ್ಕದಲ್ಲೇ ಸಿಗುತ್ತವೆ. ಶೀಟ್ ಇವತ್ತು ಕೊಡುವುದೋ ಇನ್ನೊಂದು ವಾರ ಇಟ್ಟುಕೊಳ್ಳುವುದೋ ಅಂತ ಯೋಚಿಸುವವರಿಗೆ ಅದರಿಂದ ತುಂಬಾ ಉಪಕಾರವಾಗುತ್ತದೆ.

ಇತಿ,
ಒಬ್ಬ ರಬ್ಬರ್ ಬೆಳೆಗಾರ್ತಿ
ಸುಳ್ಯ ತಾಲೂಕು, ದಕ್ಷಿಣ ಕನ್ನಡ