ಅನಿಮಲ್ಸ್ ಮತ್ತು ನಿನ್ನ ಆ ಒಂದು ಸಾಲು

ಪ್ರೀತಿಯ ಪುಟ್ಟನಿಗೆ,

ನಿನ್ನ ಪತ್ರ ಬಂದು ಕೆಲವು ದಿನಗಳಾದವು. ನನ್ನ ಕಣ್ಣಿನ ಸಂಗತಿ, ಮನೆಯ ಸಂಗತಿ ಎಲ್ಲವನ್ನೂ ನಿನ್ನ ಅಮ್ಮ ಆಗಲೇ ಹೇಳಿರುತ್ತಾಳೆ, ಅವನ್ನು ಮತ್ತೆ ಬರೆಯುವುದಿಲ್ಲ. ನಿನ್ನ ಅಪ್ಪನ ಕೊನೆಯ ವರ್ಷಗಳ ಬಗ್ಗೆಯೂ ನನಗೆ ಗೊತ್ತಿರುವಷ್ಟೇ ನಿನಗೂ ಗೊತ್ತು. ಈಗ ಬರೆಯಲು ಕೂತಿರುವುದು ನಿನ್ನ ಪತ್ರದ ತುದಿಯಲ್ಲಿ, ಸಹಿಗಿಂತ ತುಸು ಮೇಲೆ, ಅವಸರದಲ್ಲಿ ಸೇರಿಸಿದಂತಿದ್ದ ಮಾತಿಗಾಗಿ. "ಅನಿಮಲ್ಸ್ ಹಾಕಿದರೆ ಈಗ ನನಗೆ ಏನೂ ಆಗುವುದಿಲ್ಲ ಅತ್ತೆ, ನನ್ನದೇ ವಾದ ಕೇಳಿಸುತ್ತದೆ. ಮುಂದೆ ಎಲ್ಲ ಸಂಗೀತವೂ ಹೀಗೇ ಆಗಿಬಿಟ್ಟರೆ?"

ಅದಕ್ಕಿಂತ ಮೇಲಿನದೆಲ್ಲ ನಿನಗೂ ನಿನ್ನ ಗೆಳೆಯನಿಗೂ ನಡೆದ ಜಗಳ. ಇಂಗ್ಲೆಂಡಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನ ಅತ್ಯುತ್ತಮ ಆಲ್ಬಮ್ ಅವನ ಪ್ರಕಾರ 1973ರ ಡಾರ್ಕ್ ಸೈಡ್, ನಿನ್ನ ಪ್ರಕಾರ 1977ರ ಅನಿಮಲ್ಸ್. ಇಬ್ಬರೂ ಒಂದಿಂಚೂ ಕದಲಿಲ್ಲ, ಈಗ ಮಾತೂ ನಿಂತಿದೆ. ನಿನ್ನ ವಾದವನ್ನು ಪೂರ್ತಿ ಓದಿದೆ. ಚೆನ್ನಾಗಿಯೇ ಕಟ್ಟಿದ್ದೀಯ. ಆದರೆ ಕೊನೆಯ ಆ ಸಾಲಿಗೆ ಬಂದಾಗ ಪತ್ರವನ್ನು ಕೆಳಗಿಟ್ಟೆ. ಅದು ನಿನ್ನೊಬ್ಬನ ಕಲ್ಪನೆಯಾಗಿದ್ದರೆ ಸಮಾಧಾನ ಹೇಳಿ ಮುಗಿಸುತ್ತಿದ್ದೆ. ಹಾಗೆ ಆಗುವುದುಂಟು, ನನಗೆ ಆಗಿತ್ತು.

ನಿನ್ನ ಅಪ್ಪ ಮತ್ತು ನಾನು ಈ ಬ್ಯಾಂಡನ್ನು ಕೇಳಲು ಶುರು ಮಾಡಿದ್ದು 90 ನಿಮಿಷದ ಒಂದು ಕ್ಯಾಸೆಟ್‌ನಿಂದ. ಯಾರೋ ನಕಲು ಮಾಡಿಕೊಟ್ಟಿದ್ದು. ಒಂದು ಮಗ್ಗುಲಲ್ಲಿ ಡಾರ್ಕ್ ಸೈಡ್, ಇನ್ನೊಂದರಲ್ಲಿ ವಿಶ್ ಯು ವರ್ ಹಿಯರ್. ಎರಡೂ ಮುಕ್ಕಾಲು ಗಂಟೆಯೊಳಗೆ ಮುಗಿಯುವುದರಿಂದ ಸರಿಯಾಗಿ ಹಿಡಿಸುತ್ತಿದ್ದವು. ದ ವಾಲ್ ಬಂದದ್ದು ಆಮೇಲೆ, ಬಂದ ದಿನವೇ ಅವನು ಆ ಕಡೆ ಹೋದ. ನಾನು 1975ರ ವಿಶ್ ಅನ್ನು ಬಿಡಲಿಲ್ಲ. ಅಲ್ಲಿಂದ ನಮ್ಮ ವಾದ ಎಷ್ಟು ಕಾಲ ನಡೆಯಿತೆಂದು ನೀನೇ ಕೇಳಿದ್ದೀಯ, ನೀನು ಹುಟ್ಟಿದ ಮೇಲೂ ಅದು ಮುಗಿದಿರಲಿಲ್ಲ. ದ ವಾಲ್ ಎರಡು ರೆಕಾರ್ಡ್‌ಗಳಷ್ಟು ಉದ್ದ, ಅದರಲ್ಲಿ ಒಂದು ರೆಕಾರ್ಡ್‌ಗೆ ಆಗುವಷ್ಟೇ ಹಾಡಿದೆ ಎಂದು ನಾನು ಹೇಳುತ್ತಿದ್ದೆ. ಅವನು ಅದರ ಕೊನೆಯ ಅರೆಮಾತು ಆರಂಭದ ಅರೆಮಾತಿಗೆ ಬಂದು ಕೂಡಿಕೊಳ್ಳುವುದನ್ನು ತೋರಿಸುತ್ತಿದ್ದ. ಅದು ನಿಜ, ಮುಗಿದ ರೆಕಾರ್ಡನ್ನು ಮತ್ತೆ ಮೊದಲಿನಿಂದ ಹಾಕಿದರೆ ವಾಕ್ಯ ಪೂರ್ಣವಾಗುತ್ತದೆ. ನಾನು ಅದಕ್ಕೂ ಏನೋ ಉತ್ತರ ಸಿದ್ಧ ಮಾಡಿಕೊಂಡಿದ್ದೆ.

ಒಂದು ಹಂತದಲ್ಲಿ ವಿಶ್ ಹಾಕಿದರೆ, ಗಿಟಾರ್ ನುಡಿಸುವ ಗಿಲ್ಮೋರ್‌ನ ಆ ನಾಲ್ಕು ಸ್ವರಗಳು ಬರುವ ಮೊದಲೇ, ಅವು ಏಕೆ ದೊಡ್ಡವು ಎಂಬ ನನ್ನ ವಾಕ್ಯ ತಲೆಯಲ್ಲಿ ಓಡಿ ಮುಗಿದಿರುತ್ತಿತ್ತು. ಸ್ವರಗಳು ಬಂದು ಹೋಗುತ್ತಿದ್ದವು. ಏನೂ ಆಗುತ್ತಿರಲಿಲ್ಲ. ನೀನು ಬರೆದ ಮಾತೇ ಅದು, ಅದಕ್ಕೇ ನಿನ್ನ ಸಾಲು ನನ್ನನ್ನು ಇಷ್ಟು ಕಾಡಿತು.

ನೀನು ಸಂಗೀತದ ಬಗ್ಗೆ ಹೆದರುತ್ತಿದ್ದೀಯ, ಅಥವಾ ನಿನ್ನ ಬಗ್ಗೆಯೇ? ನನಗಾಗ ಎರಡೂ ಒಂದೇ ಆಗಿದ್ದವು. ಇಷ್ಟು ಪ್ರೀತಿಸಿದ್ದೇ ಸಪ್ಪೆಯಾದರೆ ಬೇರೆ ಯಾವುದರ ಗತಿ ಏನು ಎಂದು ರಾತ್ರಿ ಎದ್ದು ಕೂರುತ್ತಿದ್ದೆ. ಯಾರಿಗೂ ಹೇಳಲಿಲ್ಲ. ನೀನು ಹೇಳಿದ್ದೀಯ, ಅದು ಒಳ್ಳೆಯದಾಯಿತು.

ಆಗ ಗೊತ್ತಿಲ್ಲದ, ಎಷ್ಟೋ ವರ್ಷ ಕಳೆದು ಓದಿ ತಿಳಿದ ಒಂದು ಸಂಗತಿಯಿದೆ. ಡಾರ್ಕ್ ಸೈಡ್‌ನ ಯಶಸ್ಸು ಒಮ್ಮೆಗೇ ಎಲ್ಲಿಗೋ ಎತ್ತಿ ಒಗೆದ ಮೇಲೆ ಬ್ಯಾಂಡಿನ ಆ ನಾಲ್ವರಿಗೂ ಹೀಗೆಯೇ ಆಯಿತು. ಬೇಕೆಂದದ್ದೆಲ್ಲ ಸಿಕ್ಕಿತ್ತು, ಮಾಡಲು ಏನೂ ತೋಚುತ್ತಿರಲಿಲ್ಲ. ವಾದ್ಯಗಳನ್ನೇ ಬಿಟ್ಟು ರಬ್ಬರ್ ಬ್ಯಾಂಡು, ಗಾಜಿನ ಲೋಟಗಳಂಥ ಮನೆಬಳಕೆಯ ವಸ್ತುಗಳಿಂದ ಒಂದು ಇಡೀ ಆಲ್ಬಮ್ ಮಾಡಲು ಹೊರಟು ಕೈಬಿಟ್ಟರು. 1975ರ ಆರಂಭದಲ್ಲಿ ಲಂಡನ್ನಿನ ಅಬೀ ರೋಡ್ ಸ್ಟುಡಿಯೋದಲ್ಲಿ ಅವರು ದಿನಗಟ್ಟಲೆ ಸುಮ್ಮನೆ ಕಾಲ ತಳ್ಳಿದ್ದಾರೆ. ದೇಹ ಅಲ್ಲಿತ್ತು, ಮನಸ್ಸು ಅಲ್ಲಿರಲಿಲ್ಲ. ಹಾಡುಗಳನ್ನು ಬರೆಯುತ್ತಿದ್ದ ರೋಜರ್ ವಾಟರ್ಸ್ ಕೊನೆಗೆ ಆ ಗೈರುಹಾಜರಿಯನ್ನೇ ಹಾಡಿನ ವಸ್ತುವನ್ನಾಗಿ ಮಾಡಿದ. ಬಿಟ್ಟುಬಿಟ್ಟಿದ್ದ ಗಾಜಿನ ಲೋಟಗಳ ಸದ್ದು ವಿಶ್ ತೆರೆದುಕೊಳ್ಳುವ ಮೊದಲ ನಾದದಲ್ಲಿ ಸೇರಿತು. ನಾನು ಪ್ರಾಣ ಬಿಡುವಂತೆ ವಾದಿಸಿದ ಆಲ್ಬಮ್ ಹುಟ್ಟಿದ್ದು ಏನೂ ಆಗದ ಜನರ ಕೈಯಿಂದ. ನಿನ್ನ ವಯಸ್ಸಿನಲ್ಲಿ ಇದನ್ನು ಯಾರಾದರೂ ಹೇಳಿದ್ದರೆ ಅಷ್ಟು ಹೆದರುತ್ತಿರಲಿಲ್ಲವೇನೋ. ಖಚಿತವಾಗಿ ಹೇಳಲಾರೆ.

ಅದೇ ವರ್ಷ ಜೂನ್ 5ರಂದು, 1968ರಲ್ಲೇ ಬ್ಯಾಂಡಿನಿಂದ ದೂರವಾಗಿದ್ದ ಅವರ ಮೊದಲ ಗಾಯಕ ಸಿಡ್ ಬ್ಯಾರೆಟ್ ಸ್ಟುಡಿಯೋಗೆ ಬಂದು ನಿಂತ. ದಪ್ಪಗಾಗಿದ್ದ, ತಲೆಯನ್ನೂ ಹುಬ್ಬನ್ನೂ ಬೋಳಿಸಿಕೊಂಡಿದ್ದ. ಅವನ ಕುರಿತ ಹಾಡಿನ ಕೆಲಸದಲ್ಲೇ ಮುಳುಗಿದ್ದ ಗೆಳೆಯರು ಅವನನ್ನು ಬಹಳ ಹೊತ್ತು ಗುರುತಿಸಲಿಲ್ಲ. ಇದನ್ನು ಮೊದಲ ಸಲ ಓದಿದಾಗ ಅತ್ತಿದ್ದೆ. ಇದನ್ನೂ ನಿನ್ನ ಅಪ್ಪನ ಮುಂದೆ ವಾದಕ್ಕೆ ಬಳಸಿದೆ, ಇಂಥ ಕಥೆ ದ ವಾಲ್‌ಗೆ ಎಲ್ಲಿದೆ ಎಂದು.

ವಿಷಯ ಎಲ್ಲೆಲ್ಲಿಗೋ ಹೋಗುತ್ತಿದೆ, ನಿನ್ನ ಭಯಕ್ಕೆ ಮರಳುತ್ತೇನೆ. ನೀನು ಅನಿಮಲ್ಸ್ ಪರ ಕೊಟ್ಟ ಕಾರಣಗಳಲ್ಲಿ ಡಾಗ್ಸ್ ಹಾಡಿನ ಹದಿನೇಳು ನಿಮಿಷವಿದೆ, ವಾಟರ್ಸ್‌ನ ಸಿಟ್ಟಿದೆ, ಮಾಧುರ್ಯವನ್ನು ಬೇಕೆಂದೇ ದೂರವಿಟ್ಟ ಧೈರ್ಯವಿದೆ. ಎಲ್ಲವನ್ನೂ ಒಪ್ಪುತ್ತೇನೆ. ಆದರೆ ಕೇಳುವಾಗ ನಿನಗೆ ಏನಾಗುತ್ತಿತ್ತು ಎನ್ನುವುದು ಅಲ್ಲಿ ಒಂದು ಕಡೆಯೂ ಇಲ್ಲ. ಗೆಳೆಯನಿಗೆ ಉತ್ತರವಾಗಬಲ್ಲದ್ದು ಮಾತ್ರ ಇದೆ. ಉಳಿದದ್ದನ್ನು ಎಲ್ಲೋ ಇಟ್ಟು ಮರೆತಿದ್ದೀಯ ಎಂದು ನನಗನಿಸಿತು. ಸತ್ತಿದೆ ಎಂದು ಅನಿಸಲಿಲ್ಲ.

ಒಂದು ಸಣ್ಣ ಸಂಗತಿ ಹೇಳಲೇ, ನಿನಗೆ ಗೊತ್ತಿದ್ದರೆ ಕ್ಷಮಿಸು. ಅನಿಮಲ್ಸ್‌ನ ದೊಡ್ಡ ಹಾಡುಗಳಲ್ಲಿ ಎರಡನ್ನು ಅವರು 1974ರಲ್ಲೇ ಬೇರೆ ಹೆಸರುಗಳಲ್ಲಿ ವೇದಿಕೆಯ ಮೇಲೆ ನುಡಿಸುತ್ತಿದ್ದರು. ಅವನ್ನು ವಿಶ್ ಆಲ್ಬಮ್‌ನಲ್ಲೇ ಸೇರಿಸಬೇಕೆಂದು ಗಿಲ್ಮೋರ್ ಬಯಸಿದ್ದ. ವಾಟರ್ಸ್ ಒಪ್ಪಲಿಲ್ಲ, ಉಳಿದವರು ವಾಟರ್ಸ್ ಕಡೆ ನಿಂತರು. ಗಿಲ್ಮೋರ್ ಮಾತು ನಡೆದಿದ್ದರೆ ನನ್ನ ಆಲ್ಬಮ್ ಈಗಿರುವಂತೆ ಇರುತ್ತಿರಲಿಲ್ಲ, ನಿನ್ನದು ಹುಟ್ಟುತ್ತಲೇ ಇರಲಿಲ್ಲ. ಹಾಗೆ ಸೋತ ಗಿಲ್ಮೋರ್ ಆಮೇಲೆ ತನ್ನ ಮೆಚ್ಚಿನ ಆಲ್ಬಮ್ ವಿಶ್ ಎಂದ. ಕೀಬೋರ್ಡ್ ನುಡಿಸುತ್ತಿದ್ದ ರಿಚರ್ಡ್ ರೈಟ್ ಕೂಡ ಅದನ್ನೇ ಹೇಳಿದ್ದಾನೆ. ನೋಡು, ನಾನು ಈಗಲೂ ನನ್ನ ಪಕ್ಷಕ್ಕೆ ಸಾಕ್ಷಿ ಸೇರಿಸುತ್ತಿದ್ದೇನೆ. ಈ ಅಭ್ಯಾಸ ಬೇಗ ಬಿಡುವುದಿಲ್ಲ, ಅದಕ್ಕೇ ನಿನ್ನ ಬಗ್ಗೆ ಕಳವಳ.

ರೈಟ್ ಹೆಸರು ಬಂದದ್ದು ಒಳ್ಳೆಯದಾಯಿತು. ಅವರ ಜಗಳಗಳ ಚರಿತ್ರೆಯಲ್ಲಿ ವಾಟರ್ಸ್ ಇರುತ್ತಾನೆ, ಗಿಲ್ಮೋರ್ ಇರುತ್ತಾನೆ, ರೈಟ್ ಮೂಲೆಯಲ್ಲಿರುತ್ತಾನೆ. ದ ವಾಲ್ ತಯಾರಾಗುತ್ತಿದ್ದಾಗ ಅವನನ್ನು ಬ್ಯಾಂಡಿನಿಂದಲೇ ಹೊರಗೆ ಹಾಕಿದರು, ನಂತರದ ಪ್ರದರ್ಶನಗಳಲ್ಲಿ ಸಂಬಳಕ್ಕೆ ನುಡಿಸಿದ. ಅನಿಮಲ್ಸ್‌ನಲ್ಲಿ ಒಂದು ಹಾಡಿಗೂ ರಚನೆಕಾರನೆಂದು ಅವನ ಹೆಸರಿಲ್ಲ. ಆದರೆ ಶೀಪ್ ಹಾಡಿನ ಆರಂಭದ ಆ ಎಲೆಕ್ಟ್ರಿಕ್ ಪಿಯಾನೋ ಯಾರದೆಂದುಕೊಂಡೆ? ಅವನದೇ. ವಾದ ಮಾಡುವವರು ಅಲ್ಲಿಗೆ ಬರುವ ಹೊತ್ತಿಗೆ ಮುಂದಿನ ಆರ್ಭಟಕ್ಕೆ ಕಾಯುತ್ತಿರುತ್ತಾರೆ. ನೀನೂ ಅದರ ಬಗ್ಗೆ ಏನೂ ಬರೆದಿಲ್ಲ.

ಡಾರ್ಕ್ ಸೈಡ್‌ನ ಅಸ್ ಅಂಡ್ ದೆಮ್ ಹಾಡಿನ ಪಿಯಾನೋ ಕೂಡ ಅವನದು. ಇಟಲಿಯ ನಿರ್ದೇಶಕ ಆಂಟೋನಿಯೋನಿಯ ಒಂದು ಚಲನಚಿತ್ರಕ್ಕೆಂದು ಮಾಡಿದ್ದು, ಅವರು ಬೇಡವೆಂದರು. ಕೆಲವು ವರ್ಷ ಅದು ಯಾರಿಗೂ ಬೇಡದ ರಾಗವಾಗಿ ಬಿದ್ದಿತ್ತು. ಅದೇ ಆಲ್ಬಮ್‌ನಲ್ಲಿ ಅವನ ರಾಗದ ಮೇಲೆ ಮಾತಿಲ್ಲದೆ ಹಾಡಿದ ಕ್ಲೇರ್ ಟೋರಿಗೆ ಆ ದಿನ ಸಿಕ್ಕಿದ್ದು 30 ಪೌಂಡ್. ತನ್ನ ಹಾಡಿಕೆ ಉಪಯೋಗಕ್ಕೆ ಬರುವುದಿಲ್ಲವೆಂದೇ ಭಾವಿಸಿ ಆಕೆ ಮನೆಗೆ ಹೋದಳು. ಹಾಡಿದವಳಿಗೇ ತಾನು ಹಾಡಿದ್ದು ಏನೆಂದು ಆ ಹೊತ್ತಿಗೆ ತಿಳಿಯಲಿಲ್ಲ. ಕೇಳುವ ನಮಗೆ ಪ್ರತಿ ಸಲವೂ ತಿಳಿಯಬೇಕೆಂದು ಏಕೆ ಹಟ ಹಿಡಿಯುತ್ತೇವೋ.

ನನಗೆ ಹೇಗೆ ಮರಳಿತು ಎಂದು ಕೇಳುತ್ತೀಯ. ಸುಳ್ಳು ಧೈರ್ಯ ಕೊಡುವುದಿಲ್ಲ, ಎಲ್ಲವೂ ಮರಳಲಿಲ್ಲ. ಡಾರ್ಕ್ ಸೈಡ್ ನನಗೆ ಮೊದಲಿನಂತೆ ಮತ್ತೆ ಆಗಲೇ ಇಲ್ಲ. ಗೌರವವಿದೆ, ಅದರಲ್ಲಿ ಗಡಿಯಾರಗಳು ಹೊಡೆದುಕೊಳ್ಳುವಾಗ ಈಗಲೂ ಬೆಚ್ಚುತ್ತೇನೆ, ಅಷ್ಟೇ. ವಿಶ್ ಬಂತು, ತಡವಾಗಿ. ಅದಕ್ಕೂ ಮೊದಲು ಬಂದದ್ದು ಎಕೋಸ್. 1971ರ ಮೆಡಲ್ ಆಲ್ಬಮ್‌ನ ಎರಡನೆಯ ಬದಿಯನ್ನು ಇಡಿಯಾಗಿ ತುಂಬುವ, ಇಪ್ಪತ್ತಮೂರು ನಿಮಿಷದ ಆ ಒಂದೇ ಹಾಡು. ನಾವಿಬ್ಬರೂ ಅದರ ಬಗ್ಗೆ ಯಾವತ್ತೂ ಜಗಳವಾಡಿರಲಿಲ್ಲ, ನಮ್ಮ ಬಳಿ ಅದು ಬಹಳ ಕಾಲ ಇರಲೇ ಇಲ್ಲ. ಆರಂಭದಲ್ಲಿ ರೈಟ್‌ನ ಪಿಯಾನೋದ ಒಂದೇ ಸ್ವರ ನೀರಿಗೆ ಹನಿ ಬಿದ್ದಂತೆ ಬೀಳುತ್ತದಲ್ಲ, ಅದನ್ನು ಕೇಳಿದಾಗ ಹೇಳಲು ನನ್ನ ಬಳಿ ಒಂದು ವಾಕ್ಯವೂ ಇರಲಿಲ್ಲ. ಏನೋ ಆಯಿತು. ಅದು ಏನೆಂದು ಇವತ್ತಿಗೂ ಯಾರ ಮುಂದೆಯೂ ವಿವರಿಸಿಲ್ಲ, ನಿನಗೂ ವಿವರಿಸುವುದಿಲ್ಲ.

ಹಾಗಾಗಿ, ಸಲಹೆ ಎನ್ನಬಹುದಾದರೆ, ಅನಿಮಲ್ಸ್ ಅನ್ನು ಸ್ವಲ್ಪ ಕಾಲ ಹಾಕಬೇಡ. ಎಷ್ಟು ಕಾಲ ಎಂದು ನಾನು ಹೇಳಲಾರೆ. ನೀನು ಯಾವ ಪಕ್ಷವನ್ನೂ ವಹಿಸದ ಏನನ್ನಾದರೂ ಕೇಳು. ಎಕೋಸ್ ಅನ್ನೇ ಕೇಳು ಎಂದರೆ ಅದು ಮತ್ತೆ ನನ್ನ ಪಕ್ಷವಾಗುತ್ತದೆ, ಆದ್ದರಿಂದ ಆಯ್ಕೆ ನಿನ್ನದು. ಆಮೇಲೆ ಯಾವಾಗಲಾದರೂ ಶೀಪ್‌ನ ಆರಂಭಕ್ಕೆ ಬಾ. ಇದು ಕೆಲಸ ಮಾಡದೇ ಇರಬಹುದು. ಇಂಥದ್ದಕ್ಕೆ ಮದ್ದು ಗೊತ್ತಿರುವವಳಂತೆ ಬರೆಯಲು ನನಗೆ ಸಂಕೋಚವಾಗುತ್ತದೆ.

ನಿನ್ನ ಅಪ್ಪನ ಬಗ್ಗೆ ಬರೆಯುವುದಿಲ್ಲ ಎಂದಿದ್ದೆ, ಆದರೆ ಇದೊಂದು ನಿನಗೆ ಗೊತ್ತಿಲ್ಲ. ಅವನು ಒಮ್ಮೆ ಕಂಫರ್ಟಬ್ಲಿ ನಂಬ್ ಬಗ್ಗೆ ಏನೋ ಹೇಳಲು ಬಾಯಿ ತೆರೆದ. ವೇದಿಕೆ ಹತ್ತಲಾರದ ಗಾಯಕನಿಗೆ ವೈದ್ಯ ಸೂಜಿ ಚುಚ್ಚಿ ಎಬ್ಬಿಸುವ ಹಾಡು ಅದು, ನಿನಗೆ ತಿಳಿದೇ ಇದೆ. 1977ರ ಪ್ರವಾಸದಲ್ಲಿ ವಾಟರ್ಸ್‌ಗೆ ನಿಜವಾಗಿಯೇ ಹಾಗೆ ಚುಚ್ಚುಮದ್ದು ಕೊಟ್ಟು ವೇದಿಕೆಗೆ ಕಳಿಸಿದ್ದರಂತೆ. "ಆ ಹಾಡಿನಲ್ಲಿ ನನಗೆ..." ಎಂದು ಶುರು ಮಾಡಿದ. ನಾನು ಅದರ ರಾಗ ಗಿಲ್ಮೋರ್ ತನ್ನ ಸ್ವಂತ ಆಲ್ಬಮ್‌ನ ಹೊತ್ತಿನಲ್ಲಿ ಮಾಡಿಟ್ಟುಕೊಂಡಿದ್ದು, ಆದ್ದರಿಂದ ಅದನ್ನು ದ ವಾಲ್‌ನ ಹೆಚ್ಚುಗಾರಿಕೆ ಎಂದು ಲೆಕ್ಕ ಹಾಕಬಾರದು ಎಂದೆ. ಅವನು ನಕ್ಕು ಸುಮ್ಮನಾದ. ಆ ಹಾಡಿನಲ್ಲಿ ಅವನಿಗೆ ಏನಾಗುತ್ತಿತ್ತೆಂದು ನಾನು ಮತ್ತೆ ಕೇಳಲಿಲ್ಲ. ಅವನ ಕೊನೆಯ ವರ್ಷಗಳನ್ನು ಕಂಡ ಮೇಲೆ ಆ ಅರ್ಧ ವಾಕ್ಯ ಎಷ್ಟು ಸಲ ನೆನಪಾಗಿದೆಯೋ. ಅವನಿಗೂ ನಿನ್ನದೇ ಭಯವಿತ್ತೋ, ಬೇರೆ ಇನ್ನೇನಾದರೂ ಇತ್ತೋ.

ನಿನ್ನ ಗೆಳೆಯ ಇದ್ದಾನೆ. ಡಾರ್ಕ್ ಸೈಡ್ ಕೇಳುವಾಗ ಅವನಿಗೆ ಎಲ್ಲಿ ಏನಾಗುತ್ತದೆಂದು ನೀನು ಕೇಳಿದಂತೆ ನಿನ್ನ ಪತ್ರದಲ್ಲಿ ಕಾಣಲಿಲ್ಲ. ಅವನಿಗೂ ಈಗ ಏನೂ ಆಗದೇ ಇರಬಹುದು. ಅವನೂ ಯಾರಿಗಾದರೂ ಇಂಥ ಸಾಲು ಬರೆದಿರಬಹುದು. ಮೊದಲು ಮಾತನಾಡಿಸುವುದು ಯಾರು ಎಂಬ ಲೆಕ್ಕ ಬೇಡ, ನೀನೇ ಮಾತನಾಡಿಸು. ವಾದ ಬಿಟ್ಟುಕೊಡು ಎನ್ನುತ್ತಿಲ್ಲ. ಅನಿಮಲ್ಸ್ ಪರ ನೀನು ಬರೆದದ್ದರಲ್ಲಿ ತಿದ್ದಬೇಕಾದದ್ದು ನನಗೇನೂ ಕಾಣಲಿಲ್ಲ.

ದ ವಾಲ್‌ನ ರೆಕಾರ್ಡ್‌ಗಳು ಯಾರ ಬಳಿ ಇವೆಯೆಂದು ಕೇಳಿದ್ದೀಯ. ನನ್ನ ಬಳಿ ಇವೆ, ಹಾಳಾಗಿಲ್ಲ. ಬಂದಾಗ ಒಯ್ಯಿ. ಶೀಪ್ ಕೇಳಿದರೆ ಬರೆ, ಏನೂ ಆಗದಿದ್ದರೂ ಹಾಗೆಂದೇ ಬರೆ.

ನಿನ್ನ,
ಅತ್ತೆ