ಹಾಫ್‌ಟಿಕೆಟ್ಟಿಗೊಂದು ಪತ್ರ: ಡಿಸೆಂಬರಿನ ಓಟದ ದಾರಿಯ ಕುರಿತು

ಪ್ರೀತಿಯ ಹಾಫ್‌ಟಿಕೆಟ್,

ನಿನಗೆ ಖಾಸಗಿಯಾಗಿ ಕಳಿಸಿದ ಮೂರು ಸಂದೇಶಗಳಿಗೂ ಹೆಬ್ಬೆರಳಿನ ಚಿತ್ರವೊಂದೇ ಉತ್ತರವಾಗಿ ಬಂದದ್ದರಿಂದ ಈ ಪತ್ರವನ್ನು ನಾಲ್ಕು ಜನರ ಎದುರಿಗೇ ಬರೆಯುತ್ತಿದ್ದೇನೆ. ಜನ ನೋಡುತ್ತಿದ್ದರೆ ಮಾತ್ರ ನೀನು ಬಾಯಿ ಬಿಡುವವನು ಎಂಬುದು ಕಡೂರು ಸ್ಟೇಷನ್ನಿನ ಪ್ರಸಂಗದಿಂದಲೇ ನನಗೆ ಗೊತ್ತು. ಹೆದರಬೇಡ, ಕೋಳಿಯ ವಿಷಯ ಎತ್ತುವುದಿಲ್ಲ.

ಡಿಸೆಂಬರ್ ಕೊನೆಯ ವಾರ ನೀನು ಬಂದಾಗ ನಾವು ಓಡಬೇಕಾದ ದಾರಿ ಕಾಗದದ ಮೇಲೆ ಬಹುಮಟ್ಟಿಗೆ ಸಿದ್ಧವಾಗಿದೆ. ನಮ್ಮ ತೋಟದ ಕಣದಿಂದ ಬೆಳಗಿನ ಜಾವ ಐದಕ್ಕೆ ಹೊರಟು, ನಾಲ್ಕು ಜನರ ತೋಟ ದಾಟಿ ಸರ್ಪದಾರಿಯ ಬುಡ ಸೇರುವುದು. ಅಲ್ಲಿಂದ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ, ಆಮೇಲೆ ಸೀತಾಳಯ್ಯನಗಿರಿ, ದತ್ತಪೀಠ, ಮಾಣಿಕ್ಯಧಾರ. ಗಾಳಿಕೆರೆಯ ದಡದಲ್ಲಿ ಬುತ್ತಿ ಬಿಚ್ಚಿ, ಹುಲ್ಲುಗಾವಲಿನ ಏಣಿನ ಮೇಲೆಯೇ ಕೆಮ್ಮಣ್ಣುಗುಂಡಿಗೆ ಹೋಗಿ, ಕತ್ತಲಾಗುವ ಮೊದಲು ಕಲ್ಲತ್ತಿಗಿರಿಗೆ ಇಳಿಯುವುದು. ನನ್ನ ಲೆಕ್ಕದಲ್ಲಿ 50 ಕಿಲೋಮೀಟರಿಗೆ ತುಸು ಹೆಚ್ಚು. ಚಂದ್ರದ್ರೋಣವೆಂಬ ಹೆಸರಿಗೆ ತಕ್ಕಂತೆ ಈ ಬೆಟ್ಟಸಾಲು ಅರ್ಧಚಂದ್ರದ ಹಾಗೆ ಬಾಗಿರುವುದರಿಂದ ಒಮ್ಮೆ ಮೇಲೇರಿದ ಮೇಲೆ ದಾರಿ ತಪ್ಪುವುದು ಬಹಳ ಕಷ್ಟ. ನೀನು ಕಷ್ಟಕ್ಕೆ ಹಿಂಜರಿಯುವವನಲ್ಲವಾದ್ದರಿಂದ ನಕ್ಷೆ ನನ್ನ ಬಳಿಯೇ ಇರುತ್ತದೆ.

ಪೆಂಟ್‌ಲ್ಯಾಂಡ್ ಗುಡ್ಡಗಳಲ್ಲಿ ಯಾರದೋ ಕುರಿಗಳ ನಡುವೆ ಓಡುತ್ತಿರುವ ಚಿತ್ರ ಕಳಿಸಿ, ‘ಇಲ್ಲಿ ಯಾರನ್ನೂ ಕೇಳಬೇಕಾಗಿಲ್ಲ ಮಾರಾಯ’ ಎಂದು ಹೊಟ್ಟೆ ಉರಿಸಿದ್ದೆಯಲ್ಲ, ಅದನ್ನು ನಾನು ಹುಡುಕಿ ಓದಿದೆ. ಸ್ಕಾಟ್ಲೆಂಡಿನ 2003ರ ಭೂಸುಧಾರಣಾ ಕಾಯ್ದೆಯ ಪ್ರಕಾರ ಮನೆಯಂಗಳವನ್ನೂ ಬೆಳೆ ನಿಂತ ಹೊಲವನ್ನೂ ಅಂಥ ಇನ್ನು ಕೆಲವನ್ನೂ ಬಿಟ್ಟು, ಉಳಿದ ನೆಲ ಯಾರದ್ದೇ ಆಗಿರಲಿ, ಜವಾಬ್ದಾರಿಯಿಂದ ದಾಟುವ ಹಕ್ಕು ಎಲ್ಲರಿಗೂ ಇದೆ. ಇಲ್ಲಿ ಗುಡ್ಡದ ಒಂದೊಂದು ಮಗ್ಗುಲಿಗೂ ಒಬ್ಬೊಬ್ಬ ಧಣಿ. ಮೇಲಿನ ಸಾಲಿಗೆ ಅರಣ್ಯ ಇಲಾಖೆ, ಕೆಮ್ಮಣ್ಣುಗುಂಡಿಗೆ ತೋಟಗಾರಿಕೆ ಇಲಾಖೆ, ಹೆಬ್ಬೆ ಜಲಪಾತದ ಕಡೆ ಇಳಿದರೆ ಭದ್ರಾ ಅಭಯಾರಣ್ಯ. ಅಭಯಾರಣ್ಯದೊಳಗೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಕಾಲಿಡುವಂತಿಲ್ಲವಾದ್ದರಿಂದ ನಿನ್ನ ಪ್ರೀತಿಯ ಹೆಬ್ಬೆಯನ್ನು ಕೈಬಿಟ್ಟಿದ್ದೇನೆ. ಇಲಾಖೆಗಳ ವಿಷಯ ಅಷ್ಟೇ: ಅರ್ಜಿ ಕೊಟ್ಟಿದ್ದೇನೆ, ಕಾಯುತ್ತಿದ್ದೇನೆ.

ಕಷ್ಟವಾದದ್ದು ಆ ನಾಲ್ಕು ತೋಟಗಳದ್ದು. ನೀನು ಬರುವ ಹೊತ್ತಿಗೆ ಅರೇಬಿಕಾ ಕೊಯ್ಲು ಭರದಿಂದ ನಡೆಯುತ್ತಿರುತ್ತದೆ. ಆ ದಿನಗಳಲ್ಲಿ ನಸುಕಿಗೇ ಬೆನ್ನಿಗೆ ಚೀಲ ಕಟ್ಟಿಕೊಂಡು ತೋಟದೊಳಗೆ ಓಡುವವನನ್ನು ಕಂಡರೆ ಯಾವ ಬೆಳೆಗಾರನಿಗೂ ಕ್ರೀಡಾಪಟುವಿನ ನೆನಪಾಗುವುದಿಲ್ಲ, ಕಾಫಿ ಕಳ್ಳನ ನೆನಪಾಗುತ್ತದೆ. ಆದ್ದರಿಂದ ಒಂದೊಂದು ಭಾನುವಾರ ಒಂದೊಂದು ಮನೆಗೆ ಹೋಗಿ, ಕಾಫಿ ಕುಡಿದು, ಯಾರ ಮಗ, ಯಾರ ಅಳಿಯ ಎಂಬುದನ್ನೆಲ್ಲ ಒಪ್ಪಿಸಿ, ದಾರಿ ಕೇಳಿದೆ. ಮೂವರು ಸಲೀಸಾಗಿ ಒಪ್ಪಿದರು; ಅವರಲ್ಲೊಬ್ಬರು ಚೀಲವನ್ನು ಗೇಟಿನಲ್ಲಿ ಬಿಚ್ಚಿ ತೋರಿಸಬೇಕೆಂದರು, ಅದು ನ್ಯಾಯವೇ. ನಾಲ್ಕನೆಯವರು ನಮ್ಮ ತಂದೆಯ ಓರಗೆಯ ಹಿರಿಯರು. ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ‘ಜೀಪ್ ಹೋಗೋ ರಸ್ತೆ ಇದೆಯಲ್ಲ, ಓಡೋದ್ಯಾಕೆ?’ ಎಂದರು. ನಾನು ಉತ್ತರ ಹುಡುಕುತ್ತಿರುವಾಗಲೇ, ‘ಆಗ್ಲಿ, ಹೋಗಿ. ನಿಮ್ಮ ತೋಟದಲ್ಲಿ ಜನರನ್ನ ಬಿಡ್ತೀರಾ ಈಗ?’ ಎಂದು ಕೇಳಿದರು. ‘ಬಿಡದೆ ಏನು’ ಎಂದೆ. ಅವರು ಲೋಟದೊಳಗೆ ನೋಡಿಕೊಂಡು ಸುಮ್ಮನಾದರು.

ಆ ರಾತ್ರಿ ಮಗಳ ಬಣ್ಣದ ಪೆನ್ಸಿಲುಗಳನ್ನು ಕಡ ಪಡೆದು ಗ್ರಾಮನಕಾಶೆಗೆ ಬಣ್ಣ ತುಂಬಲು ಕುಳಿತೆ. ಅರಣ್ಯಕ್ಕೆ ಹಸಿರು, ಸರ್ಕಾರಿ ನೆಲಕ್ಕೆ ಹಳದಿ, ಅನುಮತಿ ಬೇಕಾದ ತೋಟಗಳಿಗೆ ಕೆಂಪು. ನಮ್ಮ ತೋಟಕ್ಕೆ ಬಣ್ಣವೇ ಬೇಡ, ಅದು ಮನೆಯ ಮಾತು ಎಂದುಕೊಂಡೆ. ಆದರೆ ಬಣ್ಣವಿಲ್ಲದ ಆ ಬಿಳಿಯ ನಡುವೆ, ಹಳ್ಳದ ಗುಂಟ ಒಂದು ಚುಕ್ಕಿ ಗೆರೆ ಓಡಿತ್ತು. ಸರ್ಕಾರದ ಭೂನಕ್ಷೆಯ ಆ್ಯಪ್ ದಿಶಾಂಕ್‌ನಲ್ಲಿ ಸರ್ವೆ ನಂಬರು ನೋಡಿದೆ; ಪಹಣಿ ತೆಗೆದು ನೋಡಿದೆ. ಹಳ್ಳ, ರಸ್ತೆ, ಕಾಲುದಾರಿಗಳಂಥ ಊರಿನ ಉಪಯೋಗದ ನೆಲವನ್ನು ಬಿ ಖರಾಬು ಎಂದು ಹಿಡುವಳಿಯ ಲೆಕ್ಕದಿಂದ ಕಳೆದಿರುತ್ತಾರೆ. ಅದಕ್ಕೆ ಕಂದಾಯವೂ ಇಲ್ಲ, ಅದು ನಮ್ಮದೂ ಅಲ್ಲ. ನಮ್ಮ ಪಹಣಿಯಲ್ಲಿ ಅಂಥ ಕೆಲವು ಗುಂಟೆಗಳಿವೆ. ಹಳದಿ ಪೆನ್ಸಿಲನ್ನು ನಮ್ಮ ತೋಟದ ನಡುವೆಯೇ ಎಳೆಯಬೇಕಾಯಿತು, ಮತ್ತು ಅದು ನೇರವಾಗಿ ಹೋಗಿ ನಿಂತದ್ದು ಎರಡು ವರ್ಷದ ಹಿಂದೆ ನಾನೇ ನಿಲ್ಲಿಸಿದ ಕಬ್ಬಿಣದ ಗೇಟಿನ ಬಳಿ.

ಅಲ್ಲೊಂದು ತಡಮೆ ಇತ್ತು, ನಿನಗೆ ನೆನಪಿರಬೇಕು. ದನ ದಾಟಲಾಗದು, ಮನುಷ್ಯ ಕಾಲೆತ್ತಿ ದಾಟಬಹುದು. ನಿನ್ನ ಪ್ಯಾಂಟು ಹರಿದದ್ದು ಅಲ್ಲಿಯೇ. ಹಳ್ಳದಾಚೆಯ ಕಾಲೋನಿಯ ಮಕ್ಕಳು ಶಾಲೆಗೂ ಹೆಂಗಸರು ಬಸ್ಸಿಗೂ ಆ ದಾರಿಯಲ್ಲಿಯೇ ಹೋಗುತ್ತಿದ್ದರು. ಒಂದು ವರ್ಷ ಕರಿಮೆಣಸು ಕಳವಾಯಿತು. ಯಾರು ಕದ್ದರೆಂದು ಇಂದಿಗೂ ಗೊತ್ತಿಲ್ಲ, ಆದರೆ ಗೇಟನ್ನು ಯಾರಿಗೆ ಎದುರಾಗಿ ಹಾಕಿದೆನೆಂಬುದು ನನಗೆ ಗೊತ್ತು. ಈಗ ಅವರು ಟಾರು ರಸ್ತೆ ಸುತ್ತಿ ಹೆಚ್ಚುಕಡಿಮೆ ಮೂರು ಕಿಲೋಮೀಟರ್ ನಡೆಯುತ್ತಾರೆ. ಯಾರೂ ಬಂದು ಕೇಳಲಿಲ್ಲ. ಕೇಳಲಿಲ್ಲವೆಂಬುದನ್ನೇ ಒಪ್ಪಿಗೆಯೆಂದು ತಿಳಿದುಕೊಂಡೆ ಎಂದು ಬರೆಯೋಣವೆಂದಿದ್ದೆ, ಆದರೆ ಅದೂ ಪೂರ್ತಿ ನಿಜವಲ್ಲ. ಅಪ್ಪ ಹಾಸಿಗೆ ಹಿಡಿದಿದ್ದಾಗ, ನಾನು ಬೇಲಿಯ ಮಾತೆತ್ತಿದ ದಿನ, ‘ಅದು ನಮ್ದಲ್ಲ ಕಣೋ, ತಡಮೆ ಮುಟ್ಬೇಡ’ ಎಂದಿದ್ದರು. ನಕಾಶೆ ನನಗೆ ಹೊಸದೇನನ್ನೂ ಹೇಳಲಿಲ್ಲ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಮಾರನೆಯ ದಿನ ಪರಿಚಯದ ವಕೀಲರಿಗೆ ಫೋನ್ ಮಾಡಿದೆ. ‘ಗೇಟು ತೆಗೆಯುವುದು ಹೇಗೆ’ ಎಂದು ಕೇಳಲಿಲ್ಲ. ‘ದಾರಿ ಬಿಟ್ಟರೆ ಮುಂದೆ ನಮ್ಮ ಹಿಡುವಳಿಯ ಪಾಲಿನಲ್ಲಿಯೂ ಅವರಿಗೆ ಹಕ್ಕು ಹುಟ್ಟುತ್ತದೆಯೇ’ ಎಂದು ಕೇಳಿದೆ. ಏಕೆಂದರೆ ಆ ಚುಕ್ಕಿ ಗೆರೆ ಕೊನೆಯಲ್ಲಿ ಖರಾಬು ಬಿಟ್ಟು ನಮ್ಮ ಪಟ್ಟಾ ನೆಲಕ್ಕೆ ಹೊರಳುತ್ತದೆ. ಅವರು ವಿವರಿಸಿದರು: 1882ರ ಈಸ್‌ಮೆಂಟ್ ಕಾಯ್ದೆಯಂತೆ ಒಬ್ಬರ ನೆಲದ ಮೇಲೆ 20 ವರ್ಷ ಬಹಿರಂಗವಾಗಿ, ತಡೆಯಿಲ್ಲದೆ, ತನ್ನ ಹಕ್ಕೆಂದೇ ನಡೆದವನಿಗೆ ದಾರಿಯ ಹಕ್ಕು ಸಿಗುತ್ತದೆ, ಆದರೆ ಮಾಲೀಕನ ಅನುಮತಿ ಪಡೆದು ನಡೆದವನಿಗೆ ಎಷ್ಟು ವರ್ಷ ಕಳೆದರೂ ಸಿಗುವುದಿಲ್ಲ. ‘ಒಂದು ಬೋರ್ಡ್ ಹಾಕಿಬಿಡಿ, ಮಾಲೀಕರ ಅನುಮತಿಯಿಂದ ಅಂತ’ ಎಂದರು. ನನಗೆ ತಕ್ಷಣ ಹಾಯೆನಿಸಿತು, ಬೋರ್ಡಿನ ಅಳತೆಯನ್ನೂ ಯೋಚಿಸಿದೆ. ಎರಡು ತಿಂಗಳಿನಿಂದ ಕಂಡವರ ಜಗುಲಿಯಲ್ಲಿ ಕುಳಿತು, ಒಂದು ದಿನದ ಮೋಜಿನ ಓಟಕ್ಕಾಗಿ ‘ದಾರಿ ಕೊಡಿ’ ಎಂದು ಕೈ ಮುಗಿಯುತ್ತಿರುವವನು ನಾನೇ. ಈ 50 ಕಿಲೋಮೀಟರಿನಲ್ಲಿ ಊರ ದಾರಿಗೆ ಬೀಗ ಹಾಕಿ ಕುಳಿತವನೂ ನಾನೇ. ನಾಲ್ಕನೆಯ ಮನೆಯ ಹಿರಿಯರು ಲೋಟದೊಳಗೆ ಏನು ನೋಡುತ್ತಿದ್ದರೆಂದು ಈಗ ಅರ್ಥವಾಗುತ್ತಿದೆ.

ಸಾಕು. ಕಾಲಿನ ವಿಷಯ ಬರೆಯಲು ಕುಳಿತು ಏನೇನೋ ಬರೆದೆ, ನಿನ್ನ ಅತ್ತಿಗೆ ಓದಿದರೆ ‘ಹರಿಕಥೆ ಮುಗಿಯಿತೇ’ ಎನ್ನುತ್ತಾಳೆ. ಕ್ರಮ ತಪ್ಪಬಾರದೆಂದು ಉಳಿದವರಿಗೆ ಕೊಟ್ಟಂತೆಯೇ ಐದನೆಯ ತೋಟದ ಮಾಲೀಕನಿಗೂ ಅರ್ಜಿ ಬರೆದಿದ್ದೇನೆ. ಆಸಾಮಿ ಒರಟ, ಇನ್ನೂ ಉತ್ತರಿಸಿಲ್ಲ. ಗೇಟಿನ ಬೀಗದ ಕೈ ತೋಟದ ಲೆಕ್ಕಪತ್ರ ನೋಡುವ ರೈಟರ ಬಳಿಯಿದೆ, ರೈಟರು ಮಗಳ ಬಾಣಂತನಕ್ಕೆಂದು ಊರಿಗೆ ಹೋಗಿದ್ದಾರೆ, ಬಡಗಿ ಮಾತ್ರ ಗುರುವಾರ ಬರುತ್ತೇನೆಂದಿದ್ದಾನೆ. ತಡಮೆಗೆ ಯಾವ ಮರ ಎಂದು ಕೇಳಿದ; ಹಳೆಯದು ಯಾವುದಾಗಿತ್ತೆಂದು ನನಗೆ ಹೇಳಲಾಗಲಿಲ್ಲ. ಅದರ ಮೇಲೆ ನಮ್ಮಿಬ್ಬರ ಹೆಸರು ಕೆತ್ತಿದ್ದವನು ನೀನು, ನಿನಗೆ ಗೊತ್ತಿರಬಹುದು. ಇದಕ್ಕಾದರೂ ಹೆಬ್ಬೆರಳು ತೋರಿಸದೆ ಉತ್ತರ ಬರೆ.

ಬರುವಾಗ ನಿನ್ನದೇ ಶೂ ತಾ. ಹೋದ ಸಲದಂತೆ ನನ್ನ ಹವಾಯಿ ಚಪ್ಪಲಿ ಸಿಗುವುದಿಲ್ಲ.

ಇಂತಿ ನಿನ್ನ,
ಫುಲ್‌ಟಿಕೆಟ್