ಟೊಮೆಟೊ, ಕುರಿ ಮತ್ತು ಸರ್ಜನ್

ಎಲ್ಲರಿಗೂ ರಾಜ್ಯೋತ್ಸವದ ಶುಭಾಶಯಗಳು.

ಈ ಸಲ ಬೆಂಗಳೂರಿಗೆ ಹೋದಾಗ ಪರಿಚಯದ ಎಂಜಿನಿಯರಿಂಗ್ ಪ್ರೊಫೆಸರ್ ಒಬ್ಬರ ಜೊತೆ ಸಂಜೆಯೆಲ್ಲ ಮಾತಾಡಿದೆ. ಮೊದಲು ಹಣ್ಣು ಕೀಳುವ ರೋಬಾಟ್ ಮೇಲೆ ಕೆಲಸ ಮಾಡಿದವರು, ಈಗ ಆಪರೇಷನ್‌ಗೆ ನೆರವಾಗುವ ರೋಬಾಟ್ ಹಿಡಿದು ಕೂತಿದ್ದಾರೆ. ಹೊಲ ಬಿಟ್ಟು ಆಸ್ಪತ್ರೆಗೆ ಯಾಕೆ ಹೋದಿರಿ ಅಂತ ನೆಂಟರೆಲ್ಲ ಕೇಳುತ್ತಾರಂತೆ. ಪ್ರೊಫೆಸರ್ ಲೆಕ್ಕದಲ್ಲಿ ಬಿಟ್ಟಿದ್ದು ಏನೂ ಇಲ್ಲ.

ಅದು ನಿಜವೇ. ಕಾರು ಕಾರ್ಖಾನೆಯಲ್ಲಿ ಬಾಗಿಲು ಪ್ರತಿಸಲವೂ ಅದೇ ಜಾಗಕ್ಕೆ, ಅದೇ ಆಕಾರದಲ್ಲಿ ಬರುತ್ತದೆ. ರೋಬಾಟ್ ಕಣ್ಣು ಮುಚ್ಚಿಕೊಂಡು ಬೆಸುಗೆ ಹಾಕಬಹುದು. ಟೊಮೆಟೊ ಹಾಗಲ್ಲ. ಎಲೆ ಮರೆಯಲ್ಲಿರುತ್ತದೆ, ಗಾಳಿಗೆ ಅಲ್ಲಾಡುತ್ತದೆ, ಸ್ವಲ್ಪ ಜಾಸ್ತಿ ಒತ್ತಿದರೆ ಕೆಡುತ್ತದೆ. ಹೊಟ್ಟೆಯೊಳಗಿನ ಕರುಳೂ ಅಷ್ಟೇ. ಉಸಿರಾಡಿದಂತೆ ಸರಿಯುತ್ತದೆ, ಮುಟ್ಟಿದರೆ ಆಕಾರ ಬದಲಾಗುತ್ತದೆ. ಎರಡು ಕಡೆಯೂ ರೋಬಾಟ್ ಕಲಿಯಬೇಕಾದದ್ದು ಒಂದೇ: ನೋಡುತ್ತಾ, ಮುಟ್ಟುತ್ತಾ, ತಕ್ಷಣ ತಿದ್ದಿಕೊಳ್ಳುವುದು.

ಇದಕ್ಕೆ ನಮ್ಮ ಪರ್ತ್‌ನಲ್ಲೇ ಹಳೆಯ ಉದಾಹರಣೆ ಇದೆ. ವೆಸ್ಟರ್ನ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಟ್ರೆವೆಲಿಯನ್ ತಂಡದ ರೋಬಾಟ್ 1979ರಲ್ಲೇ ಜೀವಂತ ಕುರಿಯ ಉಣ್ಣೆ ಕತ್ತರಿಸಿತು. ಕುರಿ ಉಸಿರಾಡುತ್ತದೆ, ಕೊಸರಾಡುತ್ತದೆ, ಚರ್ಮವೋ ತೀರಾ ಮೆತ್ತಗೆ. ಕತ್ತರಿಗೂ ಚರ್ಮಕ್ಕೂ ನಡುವಿನ ಅಂತರವನ್ನು ಸೆನ್ಸರ್ ಅಳೆಯುತ್ತಾ ಹೋಗಬೇಕಿತ್ತು. ವ್ಯಾಪಾರವಾಗಿ ಅದು ಗೆಲ್ಲಲಿಲ್ಲ. ಇಲ್ಲಿ ಈಗಲೂ ಮನುಷ್ಯರೇ ಬಗ್ಗಿ ಉಣ್ಣೆ ಕತ್ತರಿಸುತ್ತಾರೆ. ಆದರೂ ಅದನ್ನು ಸೋಲು ಅನ್ನಲು ನನಗೆ ಮನಸ್ಸಿಲ್ಲ.

ವೈದ್ಯಕೀಯದ ಕಡೆ ಶುರುವಾಗಿದ್ದು ಎರವಲಿನಿಂದ. 1985ರಲ್ಲಿ ಅಮೆರಿಕದಲ್ಲಿ ಪೂಮಾ ಎಂಬ ಕಾರ್ಖಾನೆಯ ರೋಬಾಟ್ ತೋಳನ್ನೇ ತಂದು, ಮಿದುಳಿನ ಬಯಾಪ್ಸಿಯಲ್ಲಿ ಸೂಜಿಗೆ ದಾರಿ ತೋರಿಸಲು ಬಳಸಿದರು. ಡಾ ವಿಂಚಿ ಎಂಬ ಆಪರೇಷನ್ ರೋಬಾಟ್‌ಗೆ ಅಲ್ಲಿ ಅನುಮತಿ ಸಿಕ್ಕಿದ್ದು 2000ದಲ್ಲಿ. ರೋಬಾಟ್ ಅಂದರೂ ಅದು ತಾನಾಗಿ ಏನೂ ಮಾಡುವುದಿಲ್ಲ. ಸರ್ಜನ್ ಪಕ್ಕದಲ್ಲಿ ಕೂತು ನಡೆಸುತ್ತಾರೆ. ಕೈ ನಡುಕವನ್ನು ಅದು ಸೋಸಿಬಿಡುತ್ತದೆ. ಆದರೆ ಮುಟ್ಟಿದ ಅನುಭವ ಮಾತ್ರ ಬಹಳ ವರ್ಷ ಸರ್ಜನ್ ಕೈಗೆ ಬರುತ್ತಿರಲಿಲ್ಲ. ಹೊಲಿಗೆ ಎಷ್ಟು ಬಿಗಿಯಾಯಿತು ಅಂತ ಕಣ್ಣಲ್ಲೇ ಅಂದಾಜು ಮಾಡಬೇಕಿತ್ತು. ಟೊಮೆಟೊ ಹಿಡಿದು ಪಳಗಿದವರಿಗೆ ಈ ಕೊರತೆ ಬೇಗ ಅರ್ಥವಾಗುತ್ತದೆ, ಅಲ್ವಾ?

ಇಂಥ ಕೆಲಸ ತುಂಬಾ ನಿಧಾನ. ಮಾವು ವರ್ಷಕ್ಕೆ ಒಂದೇ ಸಲ ಬರುತ್ತದೆ. ಪಿಎಚ್‌ಡಿ ನಾಲ್ಕು ವರ್ಷ ಅಂದರೆ ಸಿಗುವುದು ನಾಲ್ಕೇ ಸೀಸನ್. ಅದರಲ್ಲಿ ಮೊದಲನೆಯದು ರೋಬಾಟ್ ಕಟ್ಟುವುದರಲ್ಲೇ ಹೋಗುತ್ತದೆ. ಆಸ್ಪತ್ರೆಯಲ್ಲಿ ಕಾಯಿಸುವುದು ಪ್ರಯೋಗಕ್ಕೆ ಒಪ್ಪಿಗೆ ಕೊಡುವ ನೈತಿಕ ಸಮಿತಿ. ಮೊದಲು ಸಿಲಿಕೋನ್ ಗೊಂಬೆ, ಆಮೇಲೆ ಪ್ರಾಣಿ, ಮನುಷ್ಯರ ಸರದಿ ಕೊನೆಗೆ. ಪೇಪರ್ ಎಣಿಸಿ ಬಡ್ತಿ ಕೊಡುವ ಕಡೆ ಇದಕ್ಕೆ ಧೈರ್ಯ ಬೇಕು.

ಬೆಂಗಳೂರಿಗೆ ಮಾತ್ರ ಒಂದು ಅನುಕೂಲ ಇದೆ. ಟಾಟಾ ಇನ್‌ಸ್ಟಿಟ್ಯೂಟ್‌ನಿಂದ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಿಂದ, ಮೇಖ್ರಿ ಸರ್ಕಲ್, ಹೆಬ್ಬಾಳ ದಾಟಿದರೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ. (ಟ್ರಾಫಿಕ್ ಬಗ್ಗೆ ನಾನು ಏನೂ ಹೇಳುವುದಿಲ್ಲ.) ಇನ್ನೊಂದು ದಿಕ್ಕಿಗೆ ಮಿದುಳು, ಮನಸ್ಸಿನ ಕಾಯಿಲೆಗಳ ಆಸ್ಪತ್ರೆ ನಿಮ್ಹಾನ್ಸ್. ಟಾಟಾ ಇನ್‌ಸ್ಟಿಟ್ಯೂಟ್ ಆವರಣದಲ್ಲೇ ವೈದ್ಯಕೀಯ ಶಾಲೆ, ಆಸ್ಪತ್ರೆ ಕಟ್ಟಲು 2022ರಲ್ಲಿ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು 425 ಕೋಟಿ ರೂಪಾಯಿ ಘೋಷಿಸಿದರು. ಇಂಥದ್ದೇ ದೊಡ್ಡ ಹಣ ಹಣ್ಣು ಕೀಳುವ ರೋಬಾಟ್‌ಗೂ ಬಂದರೆ ಎಷ್ಟು ಚೆನ್ನ. ಆಸ್ಪತ್ರೆಯ ಖರ್ಚನ್ನು ರೋಗಿಯ ಬಿಲ್‌ಗೆ ಹಾಕಬಹುದು. ಎರಡು ಎಕರೆ ಟೊಮೆಟೊ ಹಾಕಿದ ಕೋಲಾರದ ರೈತನ ಮೇಲೆ ಹಾಕಲಾದೀತೇ? ರೈತರಿಗೆ ಯಂತ್ರ ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳಿವೆ. ರೋಬಾಟ್ ಅಲ್ಲಿಗೆ ಬಂದರೆ ಮಾತ್ರ ನಮ್ಮ ಹೊಲಕ್ಕೆ ಬಂದೀತು ಅಂತ ನನ್ನ ಅನಿಸಿಕೆ.

ನಮ್ಮ ಕೂಟದ ಎಷ್ಟೋ ಮಕ್ಕಳು ಶನಿವಾರ ರೋಬಾಟಿಕ್ಸ್ ಕ್ಲಾಸಿಗೆ ಹೋಗುತ್ತಾರೆ. ಅಲ್ಲಿ ರೋಬಾಟ್ ಓಡುವುದು ಸಪಾಟು ಮೇಜಿನ ಮೇಲೆ. ಒಮ್ಮೆ ಮಾಗಿದ ಬಾಳೆಹಣ್ಣನ್ನು ಗಾಯವಾಗದಂತೆ ಎತ್ತಿಸಿ ನೋಡಿ. ಏನಾಯಿತು ಅಂತ ಮಕ್ಕಳ ಕೈಲೇ ಕನ್ನಡದಲ್ಲಿ ಬರೆಸಿ ಕಳಿಸಿ. ಯುಗಾದಿ ಸಂಚಿಕೆಯಲ್ಲಿ ಅದಕ್ಕೆ ಎರಡು ಪುಟ ಇಟ್ಟಿದ್ದೇವೆ.

— ಸಂಪಾದಕ